ಕುಡಿತ ಮತ್ತು ಬಾಯಿಯ ಆರೋಗ್ಯ: ಪದೇ ಪದೇ ಕೇಳುವ ಪ್ರಶ್ನೆಗಳು

ಹಲ್ಲು ತೋರಿಸಲು ಬಂದವರು ಕುಡಿತದ ಬಗ್ಗೆ ನೇರವಾಗಿ ಕೇಳೋದು ಕಮ್ಮಿ. ಚಿಕಿತ್ಸೆ ಎಲ್ಲ ಮುಗಿದ ಮೇಲೆ, ಬಾಗಿಲ ಹತ್ತಿರ ನಿಂತು, ದನಿ ತಗ್ಗಿಸಿ ಕೇಳುತ್ತಾರೆ. ಪತ್ರದಲ್ಲಾದರೆ ಕೊನೆಯ ಸಾಲಿನಲ್ಲಿ ಬರೆಯುತ್ತಾರೆ. ಹಲ್ಲಿನ ವೈದ್ಯೆಯಾಗಿ ನನಗೆ ಮತ್ತೆ ಮತ್ತೆ ಬಂದ ಅಂಥ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಸೇರಿಸಿದ್ದೇನೆ. ಯಾರನ್ನೂ ಬೈಯಲು ಬರೆದದ್ದಲ್ಲ. ಕೇಳಲು ಮುಜುಗರಪಟ್ಟು ಸುಮ್ಮನಾದವರಿಗೂ ಉತ್ತರ ಸಿಗಲಿ ಅಂತ ಬರೆದದ್ದು.

## ಮೊದಲು ಕೇಳುವ ಮಾತುಗಳು

ಕುಡಿದರೆ ಲಿವರ್ ಹಾಳಾಗುತ್ತೆ ಅಂತ ಗೊತ್ತು. ಬಾಯಿಗೂ ಅದಕ್ಕೂ ಏನು ಸಂಬಂಧ?

ಲಿವರ್‌ಗೆ ಹೋಗುವ ಮೊದಲು ಮದ್ಯ ಬಾಯಿಯನ್ನೇ ದಾಟಿ ಹೋಗಬೇಕಲ್ಲ. ತುಟಿ, ನಾಲಿಗೆ, ಕೆನ್ನೆಯ ಒಳಭಾಗ, ಗಂಟಲು ಎಲ್ಲಕ್ಕೂ ಅದು ನೇರವಾಗಿ ತಾಗುತ್ತದೆ. ಅಲ್ಲಿನ ಚರ್ಮ ಬಹಳ ತೆಳು. ಮದ್ಯ ಅದರ ಮೇಲಿನ ಪದರವನ್ನು ಸಡಿಲ ಮಾಡುತ್ತದೆ. ಆಗ ಬೇರೆ ಕೆಟ್ಟ ಪದಾರ್ಥಗಳೂ ಸುಲಭವಾಗಿ ಒಳಗೆ ಇಳಿಯುತ್ತವೆ. ಇದರ ಜೊತೆಗೆ ಜೊಲ್ಲು ಕಮ್ಮಿಯಾಗುತ್ತದೆ. ವರ್ಷಗಟ್ಟಲೆ ಕುಡಿದವರಲ್ಲಿ ಸೋಂಕನ್ನು ಎದುರಿಸುವ, ಗಾಯ ಮಾಯಿಸಿಕೊಳ್ಳುವ ಶಕ್ತಿಯೂ ಕುಗ್ಗುತ್ತದೆ. ಲಿವರ್ ತೊಂದರೆಯ ಸುಳಿವು ಕೆಲವೊಮ್ಮೆ ಮೊದಲು ಸಿಗುವುದು ಬಾಯಲ್ಲೇ.

ಕುಡಿದ ಮಾರನೇ ದಿನ ಬೆಳಿಗ್ಗೆ ಬಾಯೆಲ್ಲ ಅಂಟಂಟು. ಯಾಕೆ ಹೀಗೆ?

ದೇಹದ ನೀರನ್ನು ಹಿಡಿದಿಡಲು ಮೆದುಳು ಒಂದು ಹಾರ್ಮೋನ್ ಬಿಡುತ್ತದೆ. ಮದ್ಯ ಅದನ್ನು ತಡೆಯುತ್ತದೆ. ಹಾಗಾಗಿ ಪದೇ ಪದೇ ಮೂತ್ರಕ್ಕೆ ಹೋಗಬೇಕಾಗುತ್ತದೆ, ದೇಹ ಒಣಗುತ್ತದೆ, ಜೊಲ್ಲು ಬತ್ತುತ್ತದೆ. ಬಾಯಿ ತೆರೆದು ಗೊರಕೆ ಹೊಡೆದರಂತೂ ಇನ್ನೂ ಜಾಸ್ತಿ.

ಜೊಲ್ಲನ್ನು ನಾವು ಬಹಳ ಹಗುರವಾಗಿ ನೋಡುತ್ತೇವೆ. ಆರೋಗ್ಯವಂತರ ಬಾಯಲ್ಲಿ ದಿನಕ್ಕೆ ಸುಮಾರು ಅರ್ಧದಿಂದ ಒಂದೂವರೆ ಲೀಟರ್ ಜೊಲ್ಲು ಬರುತ್ತದೆ. ಅದು ಹಲ್ಲಿನ ಮೇಲಿನ ಹುಳಿಯನ್ನು ತೊಳೆಯುತ್ತದೆ. ಕರಗಿದ ಕ್ಯಾಲ್ಸಿಯಂ, ಫಾಸ್ಫೇಟನ್ನು ಹಲ್ಲಿಗೆ ವಾಪಸ್ ಕೊಡುತ್ತದೆ. ಬ್ಯಾಕ್ಟೀರಿಯಾವನ್ನೂ ಹತೋಟಿಯಲ್ಲಿಡುತ್ತದೆ. ತುಂಬಾ ಒಣಗಿದ ಬಾಯಲ್ಲಿ ನನ್ನ ಪುಟ್ಟ ಕನ್ನಡಿ ಕೆನ್ನೆಯ ಒಳಗೆ ಅಂಟಿಕೊಂಡುಬಿಡುತ್ತದೆ. ಜಾರಬೇಕಾದ ಕನ್ನಡಿಯನ್ನು ಮೆಲ್ಲಗೆ ಬಿಡಿಸಿ ತೆಗೆಯಬೇಕಾಗುತ್ತದೆ. ಆ ಬಾಯಿ ದಿನವೂ ಹೀಗೇ ಇದ್ದರೆ ಹುಳುಕು ತಡವಾಗುವುದಿಲ್ಲ.

ಕುಡಿಯುವಾಗ ನಡುನಡುವೆ ನೀರು ಕುಡಿಯಿರಿ, ಮಲಗುವ ಮೊದಲೂ ಒಂದು ಲೋಟ ನೀರು ಕುಡಿಯಿರಿ. ಪೂರ್ತಿ ಪರಿಹಾರ ಅಲ್ಲ, ಆದರೆ ಬಾಯಿಗೆ ಆಸರೆ.

ಬಿಯರ್, ವೈನ್, ವಿಸ್ಕಿ, ಇವುಗಳಲ್ಲಿ ಹಲ್ಲಿಗೆ ಯಾವುದು ಕಮ್ಮಿ ಕೆಟ್ಟದ್ದು?

ಹುಳಿಯ ಲೆಕ್ಕದಲ್ಲಿ ನೋಡಿದರೆ ವೈನ್ ಮುಂದಿದೆ. ಹುಳಿಯನ್ನು ಅಳೆಯುವುದು ಪಿಎಚ್ ಲೆಕ್ಕದಲ್ಲಿ. ಸಂಖ್ಯೆ ಕಮ್ಮಿ ಇದ್ದಷ್ಟೂ ಹುಳಿ ಜಾಸ್ತಿ. ಸುಮಾರು 5.5ಕ್ಕಿಂತ ಕೆಳಗೆ ಹೋದರೆ ಎನಾಮಲ್, ಅಂದರೆ ಹಲ್ಲಿನ ಹೊರಗಿನ ಗಟ್ಟಿ ಪದರ, ಕರಗಲು ಶುರುವಾಗುತ್ತದೆ. ವೈನ್ ಸಾಮಾನ್ಯವಾಗಿ 3ರಿಂದ 4ರ ನಡುವೆ, ಬಿಯರ್ 4ರ ಆಸುಪಾಸು. ವಿಸ್ಕಿ, ರಮ್‌ಗೆ ಇಷ್ಟು ಹುಳಿ ಇಲ್ಲ. ಆದರೆ ಅದಕ್ಕೆ ಕೋಲಾ ಬೆರೆಸಿದರೆ ಲೆಕ್ಕವೇ ಬೇರೆ. ಕೋಲಾದ ಪಿಎಚ್ ಸುಮಾರು 2.5, ಮೇಲೆ ಸಕ್ಕರೆ. ಇನ್ನು ನೀರು ಬೆರೆಸದೆ ಕುಡಿದರೆ ನಾಲಿಗೆ, ಗಂಟಲು ಸುಡುತ್ತದೆ.

ಕ್ಯಾನ್ಸರ್ ವಿಷಯಕ್ಕೆ ಬಂದರೆ ಬಾಟಲಿ ಯಾವುದು ಅನ್ನುವುದು ಲೆಕ್ಕಕ್ಕೇ ಬರುವುದಿಲ್ಲ. ಒಟ್ಟು ಎಷ್ಟು ಆಲ್ಕೋಹಾಲ್ ಒಳಗೆ ಹೋಯಿತು ಅನ್ನುವುದೇ ಮುಖ್ಯ. "ನಾನು ಬರೀ ಬಿಯರ್" ಅನ್ನುವವರೂ ಇದನ್ನು ನೆನಪಿಟ್ಟುಕೊಳ್ಳಬೇಕು.

ಕುಡಿದು ಬಂದ ತಕ್ಷಣ ಬ್ರಷ್ ಮಾಡಿ ಮಲಗಬೇಕಾ, ಬೇಡ್ವಾ?

ತಕ್ಷಣ ಬೇಡ. ಹುಳಿ ತಾಗಿದ ಎನಾಮಲ್ ಸ್ವಲ್ಪ ಹೊತ್ತು ಮೆತ್ತಗಾಗಿರುತ್ತದೆ. ಆಗ ಬ್ರಷ್ ಹಾಕಿ ಉಜ್ಜಿದರೆ ಸವೆಯುತ್ತದೆ. ಮೊದಲು ಬರೀ ನೀರಿನಿಂದ ಚೆನ್ನಾಗಿ ಮುಕ್ಕಳಿಸಿ. ಅರ್ಧ ಗಂಟೆಯಿಂದ ಒಂದು ಗಂಟೆ ಬಿಟ್ಟು ಫ್ಲೋರೈಡ್ ಪೇಸ್ಟಿನಿಂದ ಉಜ್ಜಿ. ನಿದ್ದೆಯಲ್ಲಿ ಜೊಲ್ಲು ಹೇಗೂ ಕಮ್ಮಿ, ಹಾಗಾಗಿ ಉಜ್ಜದೆ ಮಲಗುವುದು ಹಲ್ಲಿಗೆ ಒಳ್ಳೆಯದಲ್ಲ. ಅಷ್ಟು ಹೊತ್ತು ಎಚ್ಚರ ಇರೋದು ಕಷ್ಟ ಅಂತ ಗೊತ್ತಿದ್ದರೆ ಕುಡಿಯಲು ಹೋಗುವ ಮೊದಲೇ ಒಮ್ಮೆ ಉಜ್ಜಿಕೊಳ್ಳಿ. ಬಂದ ಮೇಲೆ ಮುಕ್ಕಳಿಸಿ ಮಲಗಿ.

ವಾಂತಿ ಆದಾಗಲೂ ಇದೇ ಕ್ರಮ. ಹೊಟ್ಟೆಯ ಆಸಿಡ್ ವೈನ್‌ಗಿಂತ ಎಷ್ಟೋ ಪಟ್ಟು ಹುಳಿ. ಒಂದು ಲೋಟ ನೀರಿಗೆ ಒಂದು ಚಮಚ ಅಡುಗೆ ಸೋಡಾ ಹಾಕಿ ಮುಕ್ಕಳಿಸಿದರೆ ಒಳ್ಳೆಯದು.

ಎಷ್ಟು ಸಲ ಬ್ರಷ್ ಮಾಡಿದ್ರೂ ವಾಸನೆ ಹೋಗಲ್ಲ. ಏನು ಮಾಡ್ಲಿ?

ಆ ವಾಸನೆಯ ಬಹುಪಾಲು ಬಾಯಿಯದ್ದಲ್ಲ, ಉಸಿರಿನದ್ದು. ರಕ್ತದಲ್ಲಿರುವ ಆಲ್ಕೋಹಾಲ್ ಶ್ವಾಸಕೋಶಕ್ಕೆ ಬಂದು ಉಸಿರಿನ ಜೊತೆ ಹೊರಗೆ ಬರುತ್ತದೆ. ಉಸಿರು ಊದಿಸಿ ಪತ್ತೆ ಮಾಡುವ ಯಂತ್ರ ಹಿಡಿಯುವುದೂ ಇದನ್ನೇ. ಲಿವರ್ ತನ್ನದೇ ವೇಗದಲ್ಲಿ ಅದನ್ನು ಕರಗಿಸುತ್ತದೆ. ಏನು ಅಗಿದರೂ, ಎಷ್ಟು ಉಜ್ಜಿದರೂ ಆ ವೇಗ ಹೆಚ್ಚುವುದಿಲ್ಲ. ಕುಡಿಯದ ದಿನವೂ ವಾಸನೆ ಇದ್ದರೆ ಅದು ವಸಡಿನ ರೋಗ, ನಾಲಿಗೆ ಮೇಲಿನ ಬಿಳಿ ಪದರ ಅಥವಾ ಒಣ ಬಾಯಿಯಿಂದ ಇರಬಹುದು. ಅದಕ್ಕೆ ಪರಿಹಾರ ಇದೆ, ಬಂದು ತೋರಿಸಿ.

ರೆಡ್ ವೈನ್ ಕುಡಿದರೆ ಹಲ್ಲು ಬಣ್ಣ ತಿರುಗುತ್ತಾ?

ತಿರುಗುತ್ತದೆ. ಅದರ ಬಣ್ಣ ಮತ್ತು ಟ್ಯಾನಿನ್ ಹಲ್ಲಿಗೆ ಹಿಡಿದುಕೊಳ್ಳುತ್ತವೆ. ವೈಟ್ ವೈನ್‌ನಲ್ಲಿ ಬಣ್ಣ ಇಲ್ಲದಿದ್ದರೂ ಹುಳಿ ಇದೆ. ಅದರ ಮೇಲೆ ಕಾಫಿ, ಟೀ ಕುಡಿದರೆ ಕಲೆ ಇನ್ನೂ ಬೇಗ ಕೂರುತ್ತದೆ.

## ಹಲ್ಲು, ವಸಡು, ನಾಲಿಗೆ

ನಾನು ಸಿಹಿ ಮುಟ್ಟೋದೇ ಇಲ್ಲ. ಆದರೂ ಹಲ್ಲು ಹುಳುಕಾಗ್ತಿದೆ. ಕುಡಿತದಿಂದಾನಾ?

ಲೋಟದಲ್ಲಿ ಏನು ಬೆರೆಸುತ್ತೀರಿ ಅಂತ ನೋಡಿ. ಕೋಲಾ, ಟಾನಿಕ್ ವಾಟರ್, ಡಬ್ಬಿಯ ಜ್ಯೂಸ್ ಎಲ್ಲದರಲ್ಲೂ ಸಕ್ಕರೆ ಇದೆ. ಆಮೇಲೆ ಎಷ್ಟು ಹೊತ್ತು ಕುಡಿಯುತ್ತೀರಿ ಅಂತಲೂ ನೋಡಿ. ಒಂದೊಂದು ಗುಟುಕಿಗೂ ಬಾಯಿ ಹುಳಿಯಾಗುತ್ತದೆ. ಜೊಲ್ಲು ಅದನ್ನು ಸರಿಮಾಡಲು ಸುಮಾರು ಅರ್ಧ ಗಂಟೆ ಬೇಕು. ಅಷ್ಟರಲ್ಲಿ ಮತ್ತೊಂದು ಗುಟುಕು ಇಳಿದಿರುತ್ತದೆ. ಮೂರು ಗಂಟೆ ಮಾತಾಡುತ್ತಾ ಕುಡಿದರೆ ಮೂರು ಗಂಟೆಯೂ ಹಲ್ಲು ಹುಳಿಯಲ್ಲೇ ನೆಂದಂತೆ. ಬೆರೆಸಲೇಬೇಕಾದರೆ ಬರೀ ನೀರು ಬೆರೆಸಿ.

ಮೇಲಿನ ಮುಂದಿನ ಹಲ್ಲು ಹಿಂದಗಡೆಯಿಂದ ಸವೆದಿದೆ ಅಂದ್ರು. ನನಗೇನೂ ಗೊತ್ತೇ ಆಗಿಲ್ಲ, ಹೇಗೆ?

ಹಿಂದಗಡೆ ಆದದ್ದು ಕನ್ನಡಿಯಲ್ಲಿ ಕಾಣುವುದಿಲ್ಲ, ಅದಕ್ಕೇ. ನಾವು ಇದನ್ನು ನೋಡಿದಾಗ ಮೊದಲು ಕೇಳುವುದೇ ಎದೆಯುರಿ, ಹುಳಿತೇಗು, ವಾಂತಿ ಇದೆಯಾ ಅಂತ. ಅನ್ನನಾಳದ ಕೆಳತುದಿಯಲ್ಲಿ ಒಂದು ಬಿಗಿ ಸ್ನಾಯು ಇದೆ. ಮದ್ಯ ಅದನ್ನು ಸಡಿಲ ಮಾಡುತ್ತದೆ. ಮಲಗಿದಾಗ ಹೊಟ್ಟೆಯ ಆಸಿಡ್ ಮೇಲೆ ಬಂದು ಮೇಲ್ದವಡೆಯ ಹಲ್ಲಿನ ಒಳಮೈಗೆ ತಾಗುತ್ತದೆ. ಕೆಳಗಿನ ಮುಂದಿನ ಹಲ್ಲುಗಳಿಗೆ ನಾಲಿಗೆಯ ಮರೆ ಇರುತ್ತದೆ, ಅವು ಎಷ್ಟೋ ಸಲ ಬಚಾವ್.

ಇಂಥ ಹಲ್ಲನ್ನು ಹತ್ತಿರದಿಂದ ನೋಡಿದರೆ ಗುರುತು ಸಿಗುತ್ತದೆ. ಒಳಮೈ ತೊಳೆದ ಗಾಜಿನ ಹಾಗೆ ನುಣುಪು. ಎನಾಮಲ್ ತೆಳುವಾಗಿ ಒಳಗಿನ ಹಳದಿ ಪದರ ಹೊರಗೆ ಇಣುಕುತ್ತದೆ. ತುದಿ ಎಷ್ಟು ತೆಳು ಅಂದರೆ ಬೆಳಕು ಆಚೆಯಿಂದ ಈಚೆಗೆ ಬರುತ್ತದೆ. ಹಿಂದೆ ಯಾವಾಗಲೋ ಹಾಕಿಸಿದ ಫಿಲ್ಲಿಂಗ್ ಇದ್ದರೆ, ಸುತ್ತಲ ಹಲ್ಲು ಕರಗಿ ಅದೊಂದೇ ದಿಬ್ಬದ ಹಾಗೆ ಎದ್ದು ನಿಂತಿರುತ್ತದೆ. ಕರಗಿದ ಎನಾಮಲ್ ಮತ್ತೆ ಬೆಳೆಯುವುದಿಲ್ಲ. ಅದಕ್ಕೇ ಬೇಗ ಗೊತ್ತಾಗಬೇಕು ಅಂತ ಒತ್ತಿ ಹೇಳುತ್ತೇನೆ. ತಣ್ಣನೆಯದು ಕುಡಿದಾಗ ಜುಮ್ ಅಂದರೆ, ಹಲ್ಲಿನ ತುದಿ ಚಕ್ಕೆ ಎದ್ದರೆ ತಡಮಾಡಬೇಡಿ. ಹೊಟ್ಟೆಯ ಚಿಕಿತ್ಸೆಯೂ ಜೊತೆಗೆ ಆಗಬೇಕು. ಇಲ್ಲದಿದ್ದರೆ ಹಲ್ಲಿಗೆ ಏನೇ ಹಾಕಿದರೂ ನಿಲ್ಲುವುದಿಲ್ಲ.

ವಸಡಲ್ಲಿ ರಕ್ತ ಬರುತ್ತೆ. ಇದೂ ಕುಡಿತದಿಂದ ಬರೋದಾ?

ಹೆಚ್ಚಿನ ಸಲ ಕಾರಣ ಹಲ್ಲಿನ ಬುಡದಲ್ಲಿ ಕೂತ ಕೊಳೆ. ಆದರೆ ಜಾಸ್ತಿ ಕುಡಿಯುವವರಲ್ಲಿ ವಸಡಿನ ರೋಗ ಹೆಚ್ಚು, ಮಾಯುವುದೂ ನಿಧಾನ. ಬ್ಯಾಕ್ಟೀರಿಯಾ ಜೊತೆ ಹೋರಾಡುವ ಬಿಳಿ ರಕ್ತಕಣಗಳ ಕೆಲಸಕ್ಕೆ ಮದ್ಯ ಅಡ್ಡ ಬರುತ್ತದೆ. ಮೂಳೆ ಸವೆದು ಹಲ್ಲು ಅಲುಗಾಡಲು ಶುರುವಾದ ಮೇಲೆ ಉಳಿಸುವುದು ಕಷ್ಟ.

ಇನ್ನೊಂದು ಗಂಭೀರ ಸಾಧ್ಯತೆಯೂ ಇದೆ. ರಕ್ತ ಹೆಪ್ಪುಗಟ್ಟಿಸುವ ಪದಾರ್ಥಗಳನ್ನು ತಯಾರಿಸುವುದು ಲಿವರ್. ಅದು ಸೋತರೆ ವಸಡು ಸುಮ್ಸುಮ್ನೆ ಒಸರುತ್ತದೆ. ಬೆಳಿಗ್ಗೆ ದಿಂಬಿನ ಮೇಲೆ ರಕ್ತದ ಕಲೆ, ಚಿಕ್ಕ ಪೆಟ್ಟಿಗೂ ಮೈಮೇಲೆ ನೀಲಿಗಟ್ಟುವುದು ಕಂಡರೆ ಮೊದಲು ಫಿಜಿಶಿಯನ್ ಹತ್ತಿರ ಹೋಗಿ ರಕ್ತ ಪರೀಕ್ಷೆ ಮಾಡಿಸಿ.

ಹಲ್ಲು ನೋವಿಗೆ ಬ್ರಾಂದಿ ಹತ್ತಿ ಇಟ್ಟರೆ ಕಮ್ಮಿ ಆಗುತ್ತೆ ಅಂತಾರೆ, ನಿಜಾನಾ?

ದಯವಿಟ್ಟು ಇಡಬೇಡಿ. ಸ್ವಲ್ಪ ಹೊತ್ತು ಮರಗಟ್ಟಿದ ಹಾಗೆ ಅನಿಸಬಹುದು, ಆದರೆ ಹಲ್ಲಿನ ಒಳಗಿನ ಸೋಂಕಿಗೆ ಅದು ತಲುಪುವುದೇ ಇಲ್ಲ. ಹತ್ತಿ ಒತ್ತಿಟ್ಟ ಜಾಗದಲ್ಲಿ ವಸಡು ಸುಟ್ಟು ಬಿಳಿಚಿ, ಮಾರನೇ ದಿನ ಪೊರೆ ಎದ್ದು ಬರುತ್ತದೆ. ಒಂದು ನೋವಿಗೆ ಎರಡು ನೋವು.

ರಾತ್ರಿ ಹಲ್ಲು ಕಡೀತೀನಂತೆ, ಕುಡಿದ ದಿನ ಜಾಸ್ತಿಯಂತೆ?

ಮದ್ಯ ನಿದ್ದೆಯನ್ನು ತುಂಡುತುಂಡು ಮಾಡುತ್ತದೆ, ಆಗ ಹಲ್ಲು ಕಡಿಯುವುದು ಹೆಚ್ಚು. ಬೆಳಿಗ್ಗೆ ದವಡೆ ನೋವು, ಕೆನ್ನೆಯ ಮೇಲ್ಭಾಗ ಬಿಗಿ ಅನಿಸಿದರೆ ಇದೇ ಇರಬಹುದು. ಮಲಗುವ ಹೊತ್ತಿಗೆ ಕುಡಿಯುವುದನ್ನು ಬಿಟ್ಟು ನೋಡಿ. ಹಲ್ಲಿಗೆ ಹಾಕಿಕೊಳ್ಳುವ ಗಾರ್ಡ್ ಕೂಡ ಸಿಗುತ್ತದೆ.

ಬಾಯಿಯ ಎರಡೂ ಮೂಲೆ ಬಿರುಕು ಬಿಟ್ಟಿದೆ, ನಾಲಿಗೆ ಉರಿ. ಕೆನ್ನೆಯೂ ಊದಿದ ಹಾಗಿದೆ. ಏನಿದು?

ತಟ್ಟೆಯ ಊಟ ಕಮ್ಮಿಯಾಗಿ ಲೋಟದಿಂದಲೇ ಹೊಟ್ಟೆ ತುಂಬುವವರಲ್ಲಿ ಇದು ಕಾಣುತ್ತದೆ. ಬಿ ವಿಟಮಿನ್‌ಗಳು, ಫೋಲೇಟ್, ಕಬ್ಬಿಣ ಕಮ್ಮಿಯಾದರೆ ನಾಲಿಗೆ ಕೆಂಪಾಗಿ, ನುಣುಪಾಗಿ, ಉರಿಯುತ್ತದೆ. ಬಿರುಕಿನಲ್ಲಿ ಫಂಗಸ್ ಕೂಡ ಸೇರಿಕೊಳ್ಳಬಹುದು. ಕಿವಿಯ ಮುಂದೆ, ಎರಡೂ ಕಡೆ, ನೋವಿಲ್ಲದೆ ಮೆತ್ತಗೆ ಊದಿದ್ದರೆ ಅದು ಜೊಲ್ಲಿನ ಗ್ರಂಥಿ. ಬಹುಕಾಲ ಕುಡಿದವರಲ್ಲಿ ಹೀಗೆ ದಪ್ಪವಾಗುತ್ತದೆ. ಒಂದೇ ಕಡೆ ಊತ ಇದ್ದರೆ, ಗಟ್ಟಿ ಗಂಟು ಸಿಕ್ಕರೆ ಅದು ಬೇರೆಯದೇ ವಿಷಯ, ಬೇಗ ತೋರಿಸಬೇಕು.

## ಚಿಕಿತ್ಸೆ ನಡೆಯುವಾಗ

ಡಾಕ್ಟ್ರೇ, ಹಲ್ಲು ಕೀಳಿಸಿದೀನಿ. ಯಾವಾಗಿಂದ ಕುಡಿಬಹುದು?

ಕನಿಷ್ಠ 24 ಗಂಟೆ ಮುಟ್ಟಬೇಡಿ. ಗಾಯ ಪೂರ್ತಿ ತಹಬದಿಗೆ ಬರುವ ತನಕ ಬಿಟ್ಟರೆ ಇನ್ನೂ ಒಳ್ಳೆಯದು. ಹಲ್ಲು ಇದ್ದ ಗುಳಿಯಲ್ಲಿ ರಕ್ತ ಹೆಪ್ಪುಗಟ್ಟಿ ಕೂತಿರುತ್ತದೆ. ಅದೇ ಆ ಗಾಯದ ಮುಚ್ಚಳ. ಅದು ಕಿತ್ತು ಹೋದರೆ ಕೆಳಗಿನ ಮೂಳೆ ಬಯಲಾಗುತ್ತದೆ. ಮೂರನೇ ದಿನದ ಹೊತ್ತಿಗೆ ಕಿವಿತನಕ ಸಿಡಿಯುವ ನೋವು ಬರುತ್ತದೆ. ಆ ನೋವಿನಲ್ಲಿ ಬಂದವರ ಮುಖ ನೋಡಿದ ಮೇಲೆ ಈ ಮಾತನ್ನು ನಾನು ಎರಡು ಸಲ ಹೇಳಿಯೇ ಕಳಿಸುತ್ತೇನೆ. ಸಿಗರೇಟು ಸೇದುವುದು, ಸ್ಟ್ರಾದಲ್ಲಿ ಹೀರುವುದೂ ಬೇಡ.

ವಸಡಿಗೆ ಮಾತ್ರೆ ಕೊಟ್ಟಿದ್ದಾರೆ. ಒಂದು ಪೆಗ್ ಹಾಕಿದ್ರೆ ಏನಾಗುತ್ತೆ?

ಮಾತ್ರೆಯ ಹೆಸರು ಓದಿ. ಹಲ್ಲು, ವಸಡಿನ ಸೋಂಕಿಗೆ ಮೆಟ್ರೊನಿಡಜೋಲ್ ಕೊಡುವುದು ತುಂಬಾ ಸಾಮಾನ್ಯ. ಅದರ ಜೊತೆ ಕುಡಿದರೆ ವಾಂತಿ, ತಲೆನೋವು, ಮುಖ ಬಿಸಿಯಾಗಿ ಕೆಂಪಾಗುವುದು, ಎದೆ ಡವಡವ ಆಗಬಹುದು. ಮಾತ್ರೆ ಮುಗಿದ ಮೇಲೂ 48 ಗಂಟೆ ಕುಡಿಯಬಾರದು. ಟಿನಿಡಜೋಲ್ ಆದರೆ 72 ಗಂಟೆ. ಪ್ಯಾರಾಸಿಟಮಾಲ್ ಮತ್ತು ಹೆಚ್ಚು ಕುಡಿತ ಸೇರಿದರೆ ಲಿವರ್‌ಗೆ ಪೆಟ್ಟು. ಐಬುಪ್ರೊಫೆನ್ ತರಹದ ನೋವಿನ ಮಾತ್ರೆ ಜೊತೆ ಸೇರಿದರೆ ಹೊಟ್ಟೆಯಲ್ಲಿ ರಕ್ತಸ್ರಾವದ ಅಪಾಯ. ಹಾಗಂತ ಕುಡಿಯುವುದಕ್ಕಾಗಿ ಆಂಟಿಬಯೋಟಿಕ್ ಅರ್ಧಕ್ಕೆ ನಿಲ್ಲಿಸಬೇಡಿ.

ಕುಡಿಯೋ ವಿಷಯ ಹಲ್ಲಿನ ಡಾಕ್ಟ್ರಿಗೆ ಯಾಕೆ ಹೇಳಬೇಕು?

ಯಾವ ಮಾತ್ರೆ ಕೊಡಬೇಕು, ರಕ್ತ ಎಷ್ಟು ಹೊತ್ತಿಗೆ ನಿಲ್ಲಬಹುದು, ಗಾಯ ಎಷ್ಟು ದಿನಕ್ಕೆ ಮಾಯಬಹುದು ಅನ್ನುವುದೆಲ್ಲ ಅದರ ಮೇಲೆ ನಿಂತಿದೆ. ಎಷ್ಟು, ವಾರಕ್ಕೆ ಎಷ್ಟು ಸಲ ಅಂತ ಇದ್ದದ್ದು ಇದ್ದ ಹಾಗೆ ಹೇಳಿ. ಕಮ್ಮಿ ಮಾಡಿ ಹೇಳಿದರೆ ನಮ್ಮ ಲೆಕ್ಕ ತಪ್ಪುತ್ತದೆ, ತೊಂದರೆ ನಿಮಗಾಗುತ್ತದೆ. ಭಯ ಕಳೆಯಲು ಒಂದು ಪೆಗ್ ಹಾಕಿ ಬರುವವರೂ ಇದ್ದಾರೆ. ಬೇಡ. ಭಯ ಇದೆ ಅಂತ ಹೇಳಿದರೆ ಸಾಕು, ಅದಕ್ಕೆ ನಮ್ಮಲ್ಲಿ ದಾರಿ ಇದೆ.

ಇಂಪ್ಲಾಂಟ್ ಹಾಕಿಸಬೇಕು ಅಂತಿದೀನಿ. ಕುಡಿತ ಅಡ್ಡಿ ಆಗುತ್ತಾ?

ಇಂಪ್ಲಾಂಟ್ ಅಂದರೆ ಹೋದ ಹಲ್ಲಿನ ಜಾಗದಲ್ಲಿ ದವಡೆಯ ಮೂಳೆಗೆ ಕೂರಿಸುವ ಕೃತಕ ಬೇರು. ಅಪರೂಪಕ್ಕೆ ಕುಡಿಯುವವರಿಗೆ ದೊಡ್ಡ ಅಡ್ಡಿಯಲ್ಲ. ದಿನವೂ ಜಾಸ್ತಿ ಕುಡಿಯುವವರಲ್ಲಿ ಇಂಪ್ಲಾಂಟ್ ಸುತ್ತಲ ಮೂಳೆ ಸವೆಯುವ, ಅದು ಸಡಿಲವಾಗುವ ಅಪಾಯ ಹೆಚ್ಚು. ಮೂಳೆ ಬೆಸೆದುಕೊಳ್ಳುವ ಕೆಲವು ತಿಂಗಳಾದರೂ ಬಿಡಿ. ಹಲ್ಲಿನ ಬಣ್ಣದ ಫಿಲ್ಲಿಂಗ್ ಇದ್ದವರಿಗೂ ಒಂದು ಮಾತು: ಆಲ್ಕೋಹಾಲ್ ಪದೇ ಪದೇ ತಾಗಿದರೆ ಅದರ ರೆಸಿನ್ ಮೆತ್ತಗಾಗುತ್ತದೆ, ಬೇಗ ಸವೆಯುತ್ತದೆ.

ಮೌತ್‌ವಾಶ್‌ನಲ್ಲೂ ಆಲ್ಕೋಹಾಲ್ ಇರುತ್ತಂತಲ್ಲ?

ಕೆಲವದರಲ್ಲಿ ಇರುತ್ತದೆ. 20 ಪರ್ಸೆಂಟ್ ದಾಟುವ ಬಾಟಲಿಗಳೂ ಇವೆ. ಬಾಯಿ ಒಣಗುವವರು, ಹುಣ್ಣು ಇರುವವರು, ಮಕ್ಕಳು ಅದನ್ನು ಬಳಸಬಾರದು. ಕುಡಿತ ಬಿಡುತ್ತಿರುವವರಿಗಂತೂ ಆ ರುಚಿಯೇ ಹಳೆಯ ಆಸೆ ಕೆದಕಬಹುದು. ಆಲ್ಕೋಹಾಲ್ ಇಲ್ಲದ್ದು ಸುಲಭವಾಗಿ ಸಿಗುತ್ತದೆ, ಲೇಬಲ್ ನೋಡಿ ತೆಗೆದುಕೊಳ್ಳಿ.

ಕುಡಿದು ಬಿದ್ದು ಹಲ್ಲು ಬುಡಸಮೇತ ಕಿತ್ತು ಬಂದಿದೆ. ಬಿಸಾಕೋದಾ?

ಬಿಸಾಕಬೇಡಿ! ದೊಡ್ಡವರ ಹಲ್ಲಾದರೆ ವಾಪಸ್ ಕೂರಿಸಬಹುದು. ಬೇರು ಮುಟ್ಟದೆ, ಮೇಲ್ಭಾಗ ಹಿಡಿದು ಎತ್ತಿ. ಕೊಳೆ ಇದ್ದರೆ ಹಾಲಿನಲ್ಲಿ ಅದ್ದಿ ತೆಗೆಯಿರಿ, ಉಜ್ಜಬೇಡಿ. ಹಾಲಿನಲ್ಲೇ ಇಟ್ಟುಕೊಂಡು ಓಡಿ ಬನ್ನಿ. ಅರ್ಧ ಗಂಟೆಯೊಳಗೆ ಬಂದರೆ ಹಲ್ಲು ಉಳಿಯುವ ಸಾಧ್ಯತೆ ಚೆನ್ನಾಗಿದೆ, ಒಂದು ಗಂಟೆ ದಾಟಿದರೆ ಕಷ್ಟ. ಆದರೆ ತಲೆಗೆ ಪೆಟ್ಟು ಬಿದ್ದು ವಾಂತಿ, ಮಂಪರು ಇದ್ದರೆ ಹಲ್ಲನ್ನು ಮರೆತು ಮೊದಲು ಆಸ್ಪತ್ರೆಗೆ ಹೋಗಿ. ಅದೆಲ್ಲ ಕುಡಿದ ಅಮಲು ಅಂದುಕೊಂಡು ಮಲಗಿಸಿಬಿಡುವುದೇ ದೊಡ್ಡ ಅಪಾಯ.

## ಕ್ಯಾನ್ಸರ್ ಬಗ್ಗೆ

ನಾನು ತಂಬಾಕು ಮುಟ್ಟಿಲ್ಲ. ಬರೀ ಕುಡಿತದಿಂದ ಬಾಯಿ ಕ್ಯಾನ್ಸರ್ ಬರುತ್ತಾ?

ಬರಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1988ರಲ್ಲೇ ಮದ್ಯಪಾನವನ್ನು ಖಚಿತ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ತಂಬಾಕು ಇರುವುದೂ ಅದೇ ಗುಂಪಿನಲ್ಲಿ.

ಇದು ಹೇಗೆ ಆಗುತ್ತದೆ ಅಂತ ತಿಳಿದರೆ ಉಳಿದದ್ದೆಲ್ಲ ಅರ್ಥವಾಗುತ್ತದೆ. ದೇಹ ಆಲ್ಕೋಹಾಲನ್ನು ಮೊದಲು ಅಸಿಟಾಲ್ಡಿಹೈಡ್ ಅನ್ನುವ ವಿಷವಾಗಿ ಬದಲಿಸುತ್ತದೆ. ಅದು ಜೀವಕೋಶದ ಡಿಎನ್‌ಎಯನ್ನು ಕೆಡಿಸುತ್ತದೆ, ಕೆಟ್ಟದ್ದನ್ನು ರಿಪೇರಿ ಮಾಡುವ ಕೆಲಸವನ್ನೂ ತಡೆಯುತ್ತದೆ. ಲಿವರ್ ಆ ವಿಷವನ್ನು ಬೇಗ ತೆಗೆದುಹಾಕುತ್ತದೆ. ಬಾಯಲ್ಲಿ ಹಾಗಲ್ಲ. ಬಾಯಿಯ ಬ್ಯಾಕ್ಟೀರಿಯಾ ಕೂಡ ಆಲ್ಕೋಹಾಲನ್ನು ಅಸಿಟಾಲ್ಡಿಹೈಡ್ ಮಾಡುತ್ತವೆ, ಆದರೆ ಅದನ್ನು ತೆಗೆದುಹಾಕುವ ಶಕ್ತಿ ಅಲ್ಲಿ ತೀರಾ ಕಮ್ಮಿ. ಹಾಗಾಗಿ ರಕ್ತಕ್ಕಿಂತ ಜೊಲ್ಲಿನಲ್ಲೇ ಅದರ ಪ್ರಮಾಣ ಎಷ್ಟೋ ಪಟ್ಟು ಜಾಸ್ತಿ ಇರುತ್ತದೆ. ಬಾಯಿ ಕೊಳಕಾಗಿದ್ದರೆ, ಸಿಗರೇಟು ಸೇದುತ್ತಿದ್ದರೆ ಇನ್ನೂ ಜಾಸ್ತಿ.

ಕುಡಿಯುವಾಗ ಮಾತ್ರ ಸಿಗರೇಟ್ ಸೇದ್ತೀನಿ, ಬೇರೆ ಟೈಮಲ್ಲಿ ಇಲ್ಲ. ಅಷ್ಟು ಪರವಾಗಿಲ್ಲ ಅಲ್ವಾ?

ಎರಡನ್ನೂ ಒಟ್ಟಿಗೆ ಮಾಡುವುದೇ ಹೆಚ್ಚು ಅಪಾಯ. ಇಲ್ಲಿ ಎರಡು ಅಪಾಯ ಕೂಡುವುದಿಲ್ಲ, ಗುಣಿಸಿಕೊಳ್ಳುತ್ತವೆ. ಮದ್ಯ ಬಾಯಿಯ ಪೊರೆಯನ್ನು ಸಡಿಲ ಮಾಡಿ ತಂಬಾಕಿನ ವಿಷಕ್ಕೆ ಬಾಗಿಲು ತೆಗೆದುಕೊಡುತ್ತದೆ. 1988ರಲ್ಲಿ ಪ್ರಕಟವಾದ ಅಮೆರಿಕದ ಒಂದು ದೊಡ್ಡ ಅಧ್ಯಯನದಲ್ಲಿ, ಎರಡನ್ನೂ ಅತಿ ಹೆಚ್ಚು ಮಾಡುವವರಿಗೆ ಬಾಯಿ ಮತ್ತು ಗಂಟಲಿನ ಕ್ಯಾನ್ಸರ್ ಅಪಾಯ 35 ಪಟ್ಟಿಗೂ ಹೆಚ್ಚು ಅಂತ ಕಂಡುಬಂತು. ಎರಡನ್ನೂ ಒಟ್ಟಿಗೆ ಬಿಡಲು ಆಗದಿದ್ದರೆ ಒಂದನ್ನಾದರೂ ಇವತ್ತೇ ಬಿಡಿ.

ನಾಲಿಗೆ ಪಕ್ಕ ಒಂದು ಬಿಳಿ ಮಚ್ಚೆ ಇದೆ. ನೋವೇ ಇಲ್ಲ. ಸುಮ್ನೆ ಬಿಡಬಹುದಾ?

ಬಿಡಬೇಡಿ. ಇಷ್ಟು ಪ್ರಶ್ನೆಗಳಲ್ಲಿ ಒಂದನ್ನೇ ಓದುವುದಾದರೆ ಇದನ್ನು ಓದಿ.

ಶುರುವಿನಲ್ಲಿ ಬಾಯಿ ಕ್ಯಾನ್ಸರ್ ಎಷ್ಟೋ ಸಲ ನೋಯುವುದೇ ಇಲ್ಲ. ಖಾರ ತಾಗಿದರೆ ಚುರ್ ಅನ್ನುವ ಸಾಮಾನ್ಯ ಹುಣ್ಣು ಒಂದೆರಡು ವಾರದಲ್ಲಿ ಮಾಯುತ್ತದೆ. ನೋವಿಲ್ಲದೆ ಸುಮ್ಮನೆ ಕೂತಿರುವ ಮಚ್ಚೆಯೇ ನಮಗೆ ಜಾಸ್ತಿ ಚಿಂತೆ. ಉಜ್ಜಿದರೂ ಹೋಗದ ಬಿಳಿ ಮಚ್ಚೆ, ಅದಕ್ಕಿಂತ ಹೆಚ್ಚಾಗಿ ಮಖಮಲ್ಲಿನಂಥ ಕೆಂಪು ಮಚ್ಚೆ, ಎರಡು ವಾರ ಕಳೆದರೂ ಮಾಯದ ಹುಣ್ಣು, ಅಂಚು ಗಟ್ಟಿಯಾದ ಗಾಯ, ಕತ್ತಿನಲ್ಲಿ ಗಂಟು, ಕಾರಣವಿಲ್ಲದೆ ಅಲುಗುವ ಹಲ್ಲು, ನುಂಗಲು ತೊಡಕು, ವಾರಗಟ್ಟಲೆ ಒಡೆದ ದನಿ, ಇವು ಯಾವುದೇ ಇದ್ದರೂ ತೋರಿಸಬೇಕು. ಬಿಳಿ ಮಚ್ಚೆಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ. ಯಾವುದು ಹೌದು, ಯಾವುದು ಅಲ್ಲ ಅಂತ ಕಣ್ಣಲ್ಲಿ ನೋಡಿ ಹೇಳಲು ನನಗೂ ಆಗುವುದಿಲ್ಲ. ಚಿಕ್ಕ ಚೂರು ತೆಗೆದು ಬಯಾಪ್ಸಿ ಮಾಡಿಸಬೇಕು. ಚೂರು ತೆಗೆದರೆ ಕ್ಯಾನ್ಸರ್ ಹರಡುತ್ತೆ ಅನ್ನುವ ಭಯಕ್ಕೆ ಆಧಾರ ಇಲ್ಲ. ಆ ಭಯದಲ್ಲಿ ಕಳೆದುಹೋಗುವ ತಿಂಗಳುಗಳೇ ನಿಜವಾದ ನಷ್ಟ.

ಮನೆಯಲ್ಲೇ ನೋಡ್ಕೊಳ್ಳೋದು ಹೇಗೆ?

ತಿಂಗಳಿಗೊಮ್ಮೆ, ಒಳ್ಳೆ ಬೆಳಕಿನಲ್ಲಿ, ಕನ್ನಡಿ ಮುಂದೆ ನಿಲ್ಲಿ. ಕಟ್ಟಿಸಿದ ಹಲ್ಲಿದ್ದರೆ ತೆಗೆದಿಡಿ. ತುಟಿಯನ್ನು ಮಗುಚಿ ನೋಡಿ, ಕೆನ್ನೆಯನ್ನು ಬೆರಳಿನಿಂದ ಎಳೆದು ನೋಡಿ. ಆಮೇಲೆ ನಾಲಿಗೆಯ ತುದಿಯನ್ನು ಒಣ ಬಟ್ಟೆಯಿಂದ ಹಿಡಿದು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಎಳೆಯಿರಿ. ಪಕ್ಕದ ಅಂಚನ್ನು ಹಿಂದಿನ ತನಕ ನೋಡಬೇಕು. ನಾಲಿಗೆ ಮೇಲೆತ್ತಿ ಅದರ ಕೆಳಗಿನ ತಳವನ್ನೂ ನೋಡಿ. ಕುಡಿಯುವವರಲ್ಲಿ ಕ್ಯಾನ್ಸರ್ ಹೆಚ್ಚಾಗಿ ಹುಟ್ಟುವುದು ಈ ಎರಡು ಜಾಗದಲ್ಲಿ. ಎರಡು ನಿಮಿಷ ಸಾಕು.

ಎಷ್ಟು ಕುಡಿದರೆ ಏನೂ ಆಗಲ್ಲ, ಅದನ್ನ ಹೇಳಿ.

ಅಂಥ ಅಳತೆ ಇಲ್ಲ. ಆರೋಗ್ಯಕ್ಕೆ ಸುರಕ್ಷಿತ ಅನ್ನಬಹುದಾದ ಮದ್ಯದ ಪ್ರಮಾಣವೇ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಹೇಳಿದೆ. ಕಮ್ಮಿ ಕುಡಿದರೆ ಅಪಾಯ ಕಮ್ಮಿ, ಜಾಸ್ತಿ ಕುಡಿದರೆ ಜಾಸ್ತಿ. ಸ್ವಲ್ಪ ಕುಡಿದರೂ ಮುಖ ಕೆಂಪಾಗಿ ಬಿಸಿಯಾಗುವವರು ಇನ್ನೂ ಹುಷಾರಾಗಿರಬೇಕು. ಅವರಲ್ಲಿ ಕೆಲವರಿಗೆ ಅಸಿಟಾಲ್ಡಿಹೈಡ್ ಕರಗಿಸುವ ಕಿಣ್ವ ಹುಟ್ಟಿನಿಂದಲೇ ದುರ್ಬಲ.

ಇಪ್ಪತ್ತು ವರ್ಷದಿಂದ ಕುಡೀತಿದೀನಿ. ಈಗ ಬಿಟ್ಟು ಏನು ಪ್ರಯೋಜನ?

ಪ್ರಯೋಜನ ಇದೆ. ಕುಡಿತ ಕಮ್ಮಿ ಮಾಡಿದರೆ ಅಥವಾ ಬಿಟ್ಟರೆ ಬಾಯಿ ಮತ್ತು ಅನ್ನನಾಳದ ಕ್ಯಾನ್ಸರ್ ಅಪಾಯ ಇಳಿಯುತ್ತದೆ ಅನ್ನಲು ಸಾಕಷ್ಟು ಪುರಾವೆ ಇದೆ ಅಂತ ಅದೇ ಕ್ಯಾನ್ಸರ್ ಸಂಶೋಧನಾ ವಿಭಾಗ 2023ರಲ್ಲಿ ತೀರ್ಮಾನಿಸಿದೆ. ಒಂದೇ ದಿನದಲ್ಲಿ ಇಳಿಯುವುದಿಲ್ಲ, ವರ್ಷಗಳು ಬೇಕು. ಜೊಲ್ಲು ಮಾತ್ರ ಬೇಗ ಸುಧಾರಿಸುತ್ತದೆ. ವಸಡು ಚಿಕಿತ್ಸೆಗೆ ಒಗ್ಗುತ್ತದೆ. ಸವೆದ ಹಲ್ಲು, ಹೋದ ಮೂಳೆ ತಾನಾಗಿ ವಾಪಸ್ ಬರುವುದಿಲ್ಲ, ಆದರೆ ಅಲ್ಲಿಗೇ ನಿಲ್ಲಿಸಬಹುದು.

ಒಂದು ಎಚ್ಚರಿಕೆ. ದಿನವೂ ತುಂಬಾ ಕುಡಿಯುವವರು, ಬೆಳಿಗ್ಗೆ ಎದ್ದಾಗ ಕೈ ನಡುಗುವವರು, ಒಮ್ಮೆಲೇ ಒಬ್ಬರೇ ನಿಲ್ಲಿಸಬೇಡಿ. ಫಿಟ್ಸ್ ಬರಬಹುದು, ಜೀವಕ್ಕೂ ಅಪಾಯ. ಡಾಕ್ಟರ ನಿಗಾದಲ್ಲಿ ಬಿಡಿ.

ನಮ್ಮ ಮನೆಯವರು ಕುಡೀತಾರೆ. ಬಾಯಲ್ಲಿ ಹುಣ್ಣಿದೆ, ಡಾಕ್ಟ್ರ ಹತ್ತಿರ ಬರಲ್ಲ ಅಂತಾರೆ. ಏನು ಮಾಡ್ಲಿ ಮೇಡಂ?

ಈ ಪತ್ರ ಬೇರೆ ಬೇರೆ ಕೈಬರಹದಲ್ಲಿ ನನಗೆ ಬರುತ್ತಲೇ ಇರುತ್ತದೆ. ಅವರು ಕುಡಿದಿರುವಾಗ ಈ ಮಾತು ಎತ್ತಬೇಡಿ. ಬೆಳಿಗ್ಗೆ, ಜಗಳ ಇಲ್ಲದ ಹೊತ್ತಿನಲ್ಲಿ ಹೇಳಿ. ಕುಡಿತ ಬಿಡಿ ಅಂತ ಶುರು ಮಾಡಿದರೆ ಮಾತು ಅಲ್ಲಿಗೇ ನಿಲ್ಲಬಹುದು. "ಈ ಹುಣ್ಣು ತೋರಿಸಿಕೊಂಡು ಬರೋಣ, ನಾನೂ ಹಲ್ಲು ತೋರಿಸಬೇಕು" ಅನ್ನಿ. ಹುಣ್ಣು ಮೊದಲು ಕಂಡ ತಾರೀಖನ್ನು ಎಲ್ಲಾದರೂ ಬರೆದಿಡಿ. ಮೊಬೈಲ್‌ನಲ್ಲಿ ಒಂದು ಫೋಟೋ ತೆಗೆಯಲು ಬಿಟ್ಟರೆ ತೆಗೆದಿಟ್ಟುಕೊಳ್ಳಿ. ಎರಡು ವಾರ ಆಗಿದ್ದರೆ ಮತ್ತೆ ಕೇಳಿ. ಅವರು ಒಪ್ಪಲಿಲ್ಲ ಅಂದರೆ ನೀವೊಬ್ಬರೇ ಆ ಫೋಟೋ ಮತ್ತು ತಾರೀಖು ಹಿಡಿದುಕೊಂಡು ಬನ್ನಿ. ಮುಂದೇನು ಮಾಡಬೇಕು ಅಂತ ಕೂತು ಮಾತಾಡೋಣ.